ಮನೆಗಿಂತ ಮೊದಲು ಬೇಲಿ: ವಾರ್‌ಗೇಮ್ ಟೇಬಲ್‌ಗೆ ರೆಡಿಮೇಡ್ ಟೆರೇನ್ ಕೊಳ್ಳುವ ಕ್ರಮ

ಪುಟ್ಟ ಸೈನಿಕರನ್ನು ಮೇಜಿನ ಮೇಲೆ ನಡೆಸಿ ದಾಳ ಹಾಕಿ ಆಡುವ ಮಿನಿಯೇಚರ್ ವಾರ್‌ಗೇಮ್‌ಗೆ ಕಾಲಿಟ್ಟವರು ಮೊದಲು ದುಡ್ಡು ಸುರಿಯುವುದು ಸೈನ್ಯದ ಮೇಲೆ. ಆಮೇಲೆ ಬಣ್ಣ, ಬ್ರಷ್, ರೂಲ್‌ಬುಕ್. ಟೇಬಲ್ ಮೇಲೆ ಟೆರೇನ್, ಅಂದರೆ ಮನೆ, ಮರ, ಬೇಲಿ, ಗುಡ್ಡ, ಏನಿಡೋಣ ಎಂಬ ಪ್ರಶ್ನೆ ಏಳುವ ಹೊತ್ತಿಗೆ ಜೇಬು ಖಾಲಿ. ದಪ್ಪ ಪುಸ್ತಕವೇ ಗುಡ್ಡ, ಶೂ ಡಬ್ಬವೇ ಕೋಟೆ. ಕೆಲವು ಭಾನುವಾರ ಹಾಗೆ ಆಡಿದ ಮೇಲೆ, ಬಣ್ಣ ಹಚ್ಚಿಯೇ ಬರುವ ಚೆಂದದ ಕಲ್ಲಿನ ಮನೆಯೊಂದು ಆನ್‌ಲೈನ್‌ನಲ್ಲಿ ಕಣ್ಣಿಗೆ ಬೀಳುತ್ತದೆ. ಕೈ ತಡೆಯುವುದಿಲ್ಲ. ಮನೆ ಬರುತ್ತದೆ, ಸೈನಿಕನ ತಲೆ ಬಾಗಿಲ ಚೌಕಟ್ಟಿಗೆ ಬಡಿಯುತ್ತದೆ, ಚಾವಣಿ ಎತ್ತಲು ಬರುವುದಿಲ್ಲ, ಪಕ್ಕದ ದಾರಿಯಲ್ಲಿ ಟ್ಯಾಂಕ್ ಹಿಡಿಸುವುದಿಲ್ಲ. ಅದರ ಸುತ್ತಲಿನ ಬಯಲಿನಲ್ಲಿ ಮರೆಯೇ ಇಲ್ಲದ್ದರಿಂದ ಎರಡನೇ ಸುತ್ತಿಗೇ ಅರ್ಧ ಸೈನ್ಯ ಮಣ್ಣುಪಾಲು.

ರೆಡಿಮೇಡ್ ಕೊಳ್ಳುವುದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಥರ್ಮೊಕೋಲ್ ಕೆತ್ತಿ ಮರಳು ಅಂಟಿಸುವ ಸುಖವೇ ಬೇರೆ, ಒಪ್ಪುತ್ತೇನೆ. ಆದರೆ ಬಾಡಿಗೆ ಮನೆಯ ಹಾಲ್‌ನಲ್ಲಿ ಥರ್ಮೊಕೋಲ್ ಪುಡಿ ಹಾರಿಸುವ ಸ್ವಾತಂತ್ರ್ಯ ಎಲ್ಲರಿಗೂ ಇರುವುದಿಲ್ಲ, ವಾರಕ್ಕೆ ಸಿಗುವ ಎರಡು ಗಂಟೆಯಲ್ಲಿ ಆಡುವುದೋ ಅಂಟಿಸುವುದೋ ಎಂದು ಬಂದರೆ ನಾನಂತೂ ಆಡುವ ಪಕ್ಷ. ನನ್ನ ತಕರಾರು ಕೊಳ್ಳುವ ಕ್ರಮದ ಬಗ್ಗೆ ಮಾತ್ರ. ಬೇಲಿ, ಗೋಡೆ, ಮರ ಮೊದಲು ಬರಬೇಕು. ಮನೆ ಆಮೇಲೆ. ಚರ್ಚು, ಕೋಟೆಯಂಥ ದೊಡ್ಡ ತುಂಡು ಎಲ್ಲಕ್ಕಿಂತ ಕೊನೆಗೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಟೇಬಲ್ ಹಿಡಿದುಕೊಳ್ಳೋಣ: ಎರಡನೇ ಮಹಾಯುದ್ಧದ, 1944ರ ಜೂನ್–ಜುಲೈ ತಿಂಗಳ ಫ್ರಾನ್ಸಿನ ನಾರ್ಮಂಡಿ, ಸುಮಾರು 28 ಮಿಮೀ ಎತ್ತರದ ಸೈನಿಕರು, ಆರು ಅಡಿ ಉದ್ದ ನಾಲ್ಕು ಅಡಿ ಅಗಲದ ಮೇಜು, ಆ ಯುದ್ಧವನ್ನೇ ಆಡಿಸುವ ಬೋಲ್ಟ್ ಆ್ಯಕ್ಷನ್ ಥರದ ಆಟ. ಬೇರೆ ಕಾಲ, ಬೇರೆ ಆಟ ಆಡುವವರಿಗೂ ಲೆಕ್ಕಾಚಾರ ಇದೇ, ಅಂಕಿ ಮಾತ್ರ ಬದಲಾಗುತ್ತದೆ.

ಹೆಜ್ಜೆ 1: ಅಳತೆ ಗಟ್ಟಿ ಮಾಡಿಕೊಳ್ಳಿ

ಟೆರೇನ್ ಮಾರುವವರು ಮೂರು ಬೇರೆ ಬೇರೆ ಲೆಕ್ಕದಲ್ಲಿ ಮಾತಾಡುತ್ತಾರೆ. ಸೈನಿಕರನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ, ಟ್ಯಾಂಕು–ಕಟ್ಟಡಗಳನ್ನು ಅನುಪಾತದಲ್ಲಿ, ರೈಲು ಮಾಡೆಲಿನವರು ಅಕ್ಷರದಲ್ಲಿ. 28 ಮಿಮೀ ಅಂದರೆ ಸುಮಾರು 1:56, ನಿಜದ ಅಳತೆಯ 56ನೇ ಒಂದು ಪಾಲು. 20 ಮಿಮೀ ಅಂದರೆ 1:72, 15 ಮಿಮೀ ಅಂದರೆ 1:100. 10 ಮಿಮೀ ಸುಮಾರು 1:150ಕ್ಕೂ 6 ಮಿಮೀ ಸುಮಾರು 1:300ಕ್ಕೂ ಬರುತ್ತದೆ. ರೈಲು ಮಾಡೆಲ್‌ಗಳಲ್ಲಿ ಎಚ್‌ಒ ಅಂದರೆ 1:87, ಒಒ ಅಂದರೆ 1:76, ಎನ್ ಅಂದರೆ 1:160, ಒ ಅಂದರೆ ದೇಶಕ್ಕೆ ತಕ್ಕಂತೆ 1:43ರಿಂದ 1:48.

ಇದು ತಲೆಯಲ್ಲಿದ್ದರೆ ಎಷ್ಟೋ ದುಡ್ಡು ಉಳಿಯುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ, ಅಗ್ಗವಾಗಿ ಸಿಗುವುದು ಎಚ್‌ಒ ಕಟ್ಟಡ. ಅದರ ಬಾಗಿಲು ನಿಮ್ಮ 28 ಮಿಮೀ ಸೈನಿಕನ ಎದೆಮಟ್ಟಕ್ಕೆ ಬರುತ್ತದೆ, ಹಾಗಾಗಿ ಮುಟ್ಟಬೇಡಿ. ಒ ಸ್ಕೇಲ್ ಕಟ್ಟಡ ಲೆಕ್ಕದಲ್ಲಿ ತುಸು ದೊಡ್ಡದು, ಆದರೆ ನಮ್ಮ ಸೈನಿಕರು ಬೇಸ್ ಎಂಬ ಪುಟ್ಟ ತಟ್ಟೆಯ ಮೇಲೆ ನಿಂತಿರುವುದರಿಂದ ಕಣ್ಣಿಗೆ ಒಗ್ಗುತ್ತದೆ. 20 ಮಿಮೀ ಆಡುವವರು ಅದೃಷ್ಟವಂತರು, ಒಒ ಸ್ಕೇಲ್‌ನ ಇಡೀ ರೈಲು ಲೋಕವೇ ಅವರಿಗೆ ತೆರೆದಿದೆ. 10 ಮಿಮೀಯವರಿಗೆ ಎನ್ ಸ್ಕೇಲ್ ಸರಿ.

ಸ್ಕೇಲ್ ಬರೆದಿಲ್ಲದ ತುಂಡು ಸಿಕ್ಕರೆ ಮೂರು ಅಳತೆ ಕೇಳಿ. ಬೇಸ್ ಸೇರಿ ಸೈನಿಕನ ಎತ್ತರ ಸುಮಾರು 34 ಮಿಮೀ, ಆದ್ದರಿಂದ ಬಾಗಿಲು 38ರಿಂದ 40 ಮಿಮೀ ಇರಬೇಕು. ಸೈನಿಕನ ಬೇಸ್ 25 ಮಿಮೀ, ಆದ್ದರಿಂದ ಒಳಗಿನ ಮೆಟ್ಟಿಲು, ಬಾಲ್ಕನಿ, ಗೋಡೆಯ ಹಿಂದಿನ ಕಟ್ಟೆ ಅದಕ್ಕಿಂತ ಅಗಲವಿರಬೇಕು. ಅಮೆರಿಕದ ಶರ್ಮನ್ ಟ್ಯಾಂಕಿನ ನಿಜವಾದ ಅಗಲ 2.6 ಮೀಟರ್, 1:56ರಲ್ಲಿ 47 ಮಿಮೀ. ಜರ್ಮನರ ಟೈಗರ್ ಟ್ಯಾಂಕು 3.7 ಮೀಟರ್, ಅಂದರೆ 66 ಮಿಮೀ. ನಿಮ್ಮ ದಾರಿ 75 ಮಿಮೀಗಿಂತ ಕಿರಿದಾದರೆ ಟೈಗರ್ ಬೇಲಿಯನ್ನು ಎಳೆದುಕೊಂಡೇ ಹೋಗುತ್ತದೆ.

ಇಲ್ಲೇ ಇನ್ನೊಂದು ಲೆಕ್ಕ ಹಾಕಿ ನೋಡಿ, ಮುಂದಿನ ಎಲ್ಲ ಆಯ್ಕೆಗೂ ಬೇಕಾಗುತ್ತದೆ. ಆರು ಅಡಿ ಮೇಜನ್ನು 56ರಿಂದ ಗುಣಿಸಿದರೆ ಬರುವುದು ಬರೀ 102 ಮೀಟರ್. ಬೋಲ್ಟ್ ಆ್ಯಕ್ಷನ್‌ನಲ್ಲಿ ರೈಫಲ್ 24 ಇಂಚು ಹೊಡೆಯುತ್ತದೆ, ಸೈನಿಕನ ಲೆಕ್ಕದಲ್ಲಿ ಅದು 34 ಮೀಟರ್. ನಿಜವಾದ ರೈಫಲ್ ನೂರಾರು ಮೀಟರ್ ಹೊಡೆಯುತ್ತಿತ್ತು. ಅಂದರೆ ಸೈನಿಕರ ಎತ್ತರಕ್ಕೆ ಒಂದು ಸ್ಕೇಲ್, ನೆಲಕ್ಕೆ ಇನ್ನೊಂದು. ಹನ್ನೆರಡು ಮೀಟರ್ ಉದ್ದದ ಸಾಧಾರಣ ತೋಟದ ಮನೆಯನ್ನು ಕರಾರುವಾಕ್ಕಾಗಿ 1:56ಕ್ಕೆ ಇಳಿಸಿದರೆ 21 ಸೆಂಮೀ ಜಾಗ ನುಂಗುತ್ತದೆ. ಅಂಥ ನಾಲ್ಕು ಮನೆ ಇಟ್ಟರೆ ಆಡಲು ಉಳಿಯುವುದು ಅಂಗಳ ಮಾತ್ರ. ಅದಕ್ಕೇ ವಾರ್‌ಗೇಮ್‌ಗೆಂದೇ ಮಾಡಿದ ಮನೆಗಳು ಬಾಗಿಲು–ಕಿಟಕಿಯ ಎತ್ತರ ಉಳಿಸಿಕೊಂಡು ಉದ್ದಗಲದಲ್ಲಿ ಗಿಡ್ಡವಾಗಿರುತ್ತವೆ. ಅದು ಮೋಸವೇನಲ್ಲ. ಕೊಳ್ಳುವಾಗ ಗಿಡ್ಡದ್ದನ್ನೇ ಆರಿಸಿಕೊಳ್ಳಿ.

ಹೆಜ್ಜೆ 2: ಮ್ಯಾಟ್

ಮೇಜಿಗೆ ಹಾಸುವ ಮ್ಯಾಟ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೌಸ್‌ಪ್ಯಾಡ್ ಥರದ ನಿಯೋಪ್ರೀನ್ ಮ್ಯಾಟ್ ಮಡಿಕೆ ಬೀಳದೆ ಕೂರುತ್ತದೆ, ದಾಳದ ಸದ್ದು ನುಂಗುತ್ತದೆ. ಆದರೆ ಭಾರ. ಬಟ್ಟೆಯ ಮ್ಯಾಟ್ ಹಗುರ, ಅಗ್ಗ, ಕೆಳಗೆ ಪುಸ್ತಕ ತೂರಿಸಿದರೆ ಗುಡ್ಡವೂ ಆಗುತ್ತದೆ. ಲಿಥುವೇನಿಯಾದ ಡೀಪ್‌ಕಟ್ ಸ್ಟುಡಿಯೋದಂಥವರು ಒಂದೇ ಚಿತ್ರವನ್ನು ಎರಡೂ ಬಗೆಯಲ್ಲಿ ಮಾರುತ್ತಾರೆ. ಚಿತ್ರದಲ್ಲೇ ದಾರಿ, ಹೊಲ, ಹೊಳೆ ಅಚ್ಚಾದ ಮ್ಯಾಟ್ ಬೇಡ. ಮೊದಲ ಸಲ ಸೊಗಸಾಗಿ ಕಾಣುತ್ತದೆ, ಆಮೇಲೆ ಪ್ರತಿ ಆಟದಲ್ಲೂ ಅದೇ ದಾರಿ, ಅದೇ ಹೊಳೆ. ಬರೀ ಹುಲ್ಲು–ಮಣ್ಣಿನ ಮ್ಯಾಟ್ ಇರಲಿ, ದಾರಿಯ ತುಂಡುಗಳನ್ನು ಬೇರೆಯಾಗಿ ಕೊಳ್ಳಿ.

ಮ್ಯಾಟ್‌ನ ಅಳತೆ ಆಟ ಹೇಳಿದಂತೆ. ಭವಿಷ್ಯದ ಯುದ್ಧಗಳ ಆಟವಾದ ವಾರ್‌ಹ್ಯಾಮರ್ 40,000ದ 2020ರ ಆವೃತ್ತಿಯಿಂದ 44×60 ಇಂಚಿನ ಮೇಜು ರೂಢಿಗೆ ಬಂತು, ಅದರ ಚಿಕ್ಕ ರೂಪವಾದ ಕಿಲ್ ಟೀಮ್‌ಗೆ 22×30 ಸಾಕು. ನಮ್ಮ ನಾರ್ಮಂಡಿಗೆ 6×4 ಅಡಿ.

ಹೆಜ್ಜೆ 3: ಬೇಲಿಗೆ ದುಡ್ಡು ಸುರಿಯಿರಿ

ನಾರ್ಮಂಡಿಯ ಪಶ್ಚಿಮ ಭಾಗದ ಹೊಲಗಳ ಸುತ್ತ ಇರುವ ಬೇಲಿಗೆ ಬೊಕಾಜ್ ಎನ್ನುತ್ತಾರೆ. ಬೇಲಿ ಎಂದರೆ ತಪ್ಪು ಕಲ್ಪನೆಯಾದೀತು. ಕೆಳಗೆ ಮಣ್ಣು–ಕಲ್ಲಿನ ಒಡ್ಡು, ಆಳಿನ ಸೊಂಟದಿಂದ ಕೆಲವು ಕಡೆ ತಲೆಯವರೆಗೂ. ಅದರ ಮೇಲೆ ತಲೆತಲಾಂತರದಿಂದ ಬೆಳೆದ ಮುಳ್ಳುಗಿಡ, ಬಳ್ಳಿ, ಮರ. ಬೇರುಗಳೆಲ್ಲ ಹೆಣೆದುಕೊಂಡು ಒಡ್ಡು ಗೋಡೆಯಷ್ಟು ಗಟ್ಟಿ. ಮಲೆನಾಡಿನಲ್ಲಿ ಧರೆಯ ಮೇಲೆ ಮುಳ್ಳುಕಂಟಿ ಬೆಳೆದ ತೋಟದ ಅಂಚನ್ನು ಕಂಡವರಿಗೆ ಇದರ ಅಂದಾಜು ಸಿಗುತ್ತದೆ. ಎರಡು ಒಡ್ಡುಗಳ ನಡುವಿನ ಗಾಡಿದಾರಿ ತಗ್ಗಿನಲ್ಲಿರುತ್ತದೆ, ಮೇಲಿನಿಂದ ನೋಡಿದರೆ ಸುರಂಗದಂತೆ ಕತ್ತಲು.

1944ರ ಜೂನ್ 6ರಂದು ಕಡಲತೀರ ದಾಟಿ ಬಂದ ಅಮೆರಿಕನ್ ಪಡೆ ಈ ಬೇಲಿಗಳಲ್ಲಿ ಸಿಕ್ಕಿಬಿತ್ತು. ಸೇಂಟ್‌ಲೋ ಪಟ್ಟಣ ಕೈಗೆ ಬರಲು ಜುಲೈ 18ರವರೆಗೆ ಕಾಯಬೇಕಾಯಿತು. ಟ್ಯಾಂಕು ಒಡ್ಡು ಹತ್ತಿದರೆ ಅದರ ತೆಳು ಹೊಟ್ಟೆ ಶತ್ರುವಿನ ಗುರಿಗೆ ನೇರ ಸಿಗುತ್ತಿತ್ತು. ಕರ್ಟಿಸ್ ಕ್ಯೂಲಿನ್ ಎಂಬ ಸಾರ್ಜೆಂಟ್, ಜರ್ಮನರು ತೀರದಲ್ಲಿ ನೆಟ್ಟಿದ್ದ ಉಕ್ಕಿನ ಅಡ್ಡಗಟ್ಟುಗಳನ್ನೇ ಕತ್ತರಿಸಿ ಟ್ಯಾಂಕಿನ ಮೂತಿಗೆ ಕೋರೆಹಲ್ಲಿನಂತೆ ಬೆಸೆಯುವ ಉಪಾಯ ಬೆಳೆಸಿದ. ಟ್ಯಾಂಕು ಒಡ್ಡಿನ ಮೇಲೇರದೆ ಅದನ್ನು ಸೀಳಿಕೊಂಡು ಹೋಗುವಂತಾಯಿತು, ಜುಲೈ 25ರಂದು ಶುರುವಾದ ಆಪರೇಷನ್ ಕೋಬ್ರಾ ಎಂಬ ಅಮೆರಿಕನ್ ದಾಳಿಯ ಹೊತ್ತಿಗೆ ನೂರಾರು ಟ್ಯಾಂಕುಗಳಿಗೆ ಈ ಹಲ್ಲು ಬಂದಿತ್ತು. ಯುದ್ಧದ ಗತಿಯನ್ನೇ ಹಿಡಿದಿಟ್ಟ ಬೇಲಿ ಇದು. ಅದಿಲ್ಲದೆ ನಾಲ್ಕು ಫ್ರೆಂಚ್ ಮನೆ ಜೋಡಿಸಿ ನಾರ್ಮಂಡಿ ಎಂದರೆ ಹೆಸರಿಗೆ ಮಾತ್ರ.

ಆದ್ದರಿಂದ ಕೊಳ್ಳುವಾಗ ಹುಷಾರು. ರೈಲು ಮಾಡೆಲ್ ಅಂಗಡಿಯಲ್ಲಿ ‘ಹೆಡ್ಜ್’ ಎಂದು ಸಿಗುವ ಹಸಿರು ಸ್ಪಂಜಿನ ಪಟ್ಟಿ ಇಂಗ್ಲಿಷ್ ತೋಟದ ಕತ್ತರಿಸಿದ ಬೇಲಿ, ಎತ್ತರ ಒಂದಿಂಚು. ಶರ್ಮನ್ 2.74 ಮೀಟರ್ ಎತ್ತರ, 1:56ರಲ್ಲಿ 49 ಮಿಮೀ. ಆ ಸ್ಪಂಜಿನ ಹಿಂದೆ ನಿಲ್ಲಿಸಿದರೆ ತೋಪಿರುವ ಗೋಪುರವಷ್ಟೇ ಅಲ್ಲ, ಮೈಯ ಮೇಲ್ಭಾಗವೂ ಹೊರಗೆ. ನಮಗೆ ಬೇಕಾದದ್ದು 20 ಮಿಮೀ ಎತ್ತರದ ಒಡ್ಡು, ಅದರ ಮೇಲೆ ಗಿಡ, ಒಟ್ಟು 55ರಿಂದ 70 ಮಿಮೀ. ಮಾರುವವರ ಫೋಟೋದಲ್ಲಿ ಪಕ್ಕದಲ್ಲಿ ಟ್ಯಾಂಕ್ ನಿಲ್ಲಿಸಿದ್ದರೆ ಸಾಕು, ಉತ್ತರ ಸಿಕ್ಕಿತು. ಬರೀ ಬೇಲಿಯ ಫೋಟೋ ಹಾಕಿದ್ದರೆ ಎತ್ತರ ಕೇಳಿ ಬರೆಸಿಕೊಳ್ಳಿ.

ಎಷ್ಟು ಬೇಕು? ಮೇಜಿನ ಉದ್ದಕ್ಕೂ ನಡುವೆ ಒಂದು ದಾರಿ ಎಳೆಯಿರಿ. ಅದರ ಎರಡೂ ಬದಿಗೆ ಬೇಲಿ, 12 ಅಡಿ. ದಾರಿಯ ಆಚೆ ಈಚೆ ಎರಡೆರಡು ಅಡ್ಡಬೇಲಿ ಹಾಕಿದರೆ ಆರು ಹೊಲವಾಗುತ್ತದೆ, ಪ್ರತಿ ಹೊಲ ಸುಮಾರು ಎರಡಡಿ ಚೌಕ. ಅಡ್ಡಬೇಲಿಗೆ ಇನ್ನೊಂದು ಏಳು ಅಡಿ. ಒಟ್ಟು 19, ಗೇಟು–ಕಂಡಿಗಳಿಗೆ ಎರಡು ಮೂರು ಅಡಿ ಬಿಟ್ಟರೆ ಹದಿನಾರು ಹದಿನೇಳು ಅಡಿ ಸಾಕು. ಈ ಅಂಕಿ ನೋಡಿ ಗಾಬರಿಯಾಗುವವರೇ ಹೆಚ್ಚು, ಒಂದು ಒಳ್ಳೆ ಮನೆಯ ದುಡ್ಡಿಗಿಂತ ಬೇಲಿಯ ದುಡ್ಡೇ ಜಾಸ್ತಿ. ಆದರೂ ಈ ಬೇಲಿಯೊಂದಿದ್ದರೆ ಮನೆಯೇ ಇಲ್ಲದೆ ಇಡೀ ವರ್ಷ ಬೇರೆ ಬೇರೆ ಆಟ ಆಡಬಹುದು. ಬೇಲಿ ತಿರುಗಿಸಿದರೆ ಊರು ಬದಲು.

ತುಂಡುಗಳ ಉದ್ದವೂ ಮುಖ್ಯ. ಎಲ್ಲವೂ ಹನ್ನೆರಡು ಇಂಚಿನವಾದರೆ ಮೂಲೆ ತಿರುಗಿಸಲು ಆಗುವುದಿಲ್ಲ. ಅರ್ಧ ಭಾಗ ಉದ್ದದ್ದು, ಉಳಿದರ್ಧ ಐದಾರು ಇಂಚಿನದ್ದು, ಜೊತೆಗೆ ಗೇಟು ಇರುವ ಎರಡು ಮೂರು, ಮುರಿದು ಬಿದ್ದಂಥ ಒಂದೆರಡು. ತುದಿಗಳನ್ನೂ ನೋಡಿಕೊಳ್ಳಿ: ಚಪ್ಪಟೆಯಾಗಿ ಕತ್ತರಿಸಿದ್ದರೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ, ಇಳಿಜಾರಾಗಿ ಮುಗಿದಿದ್ದರೆ ಪ್ರತಿ ಜೋಡಣೆಯಲ್ಲೂ ಕಂಡಿ ಬಿದ್ದು ಎದುರಾಳಿ ಅದರಲ್ಲೇ ಗುರಿ ಇಡುತ್ತಾನೆ.

ಬೊಕಾಜ್ ಇಲ್ಲದ ಕಾಲ–ದೇಶ ಆಡುವವರು ಇದೇ ದುಡ್ಡನ್ನು ಕಲ್ಲುಗೋಡೆ, ಮರದ ಬೇಲಿಗೆ ಹಾಕಿ. ಬ್ರಿಟನ್‌ನ ರೆನೆಡ್ರಾ ಕಂಪನಿಯ ಪ್ಲಾಸ್ಟಿಕ್ ಬೇಲಿಗಳು ಹಗುರ, ಗಟ್ಟಿ, ಯಾವ ಶತಮಾನಕ್ಕೂ ಒಗ್ಗುತ್ತವೆ. ವಾರ್‌ಹ್ಯಾಮರ್ 40,000 ಆಡುವವರಿಗೆ ಬೇಲಿಯ ಕೆಲಸ ಮಾಡುವುದು ಎಲ್ ಆಕಾರದ ಪಾಳುಗೋಡೆಗಳು. ಕೆಳಮಹಡಿಯ ಕಿಟಕಿ ಮುಚ್ಚಿರುವಂಥದ್ದನ್ನೇ ಕೊಳ್ಳಿ. ತೆರೆದ ಕಿಟಕಿಯ ಗೋಥಿಕ್ ಪಾಳು ನೋಡಲು ಚೆಂದ, ಮರೆಯಾಗಿ ನಿಲ್ಲಲು ದಂಡ.

ಹೆಜ್ಜೆ 4: ಮರ

ನಾರ್ಮಂಡಿ ಎಂದರೆ ಸೇಬಿನ ತೋಟ, ಸೇಬಿನ ಹೆಂಡವಾದ ಸೈಡರ್ ಮಾಡುವ ನಾಡು. ಐದಾರು ಮೀಟರಿನ ಸೇಬಿನ ಮರ ನಮ್ಮ ಅಳತೆಯಲ್ಲಿ 9–10 ಸೆಂಮೀ. ಸಾಲಾಗಿ ನೆಟ್ಟ ಎಂಟು ಹತ್ತು ಒಂದೇ ಥರದ ಮರ ಇಟ್ಟರೆ ತೋಟ ಎಂದು ಯಾರೂ ಹೇಳಿಕೊಡಬೇಕಿಲ್ಲ. ಕಾಡಿಗೆ ಮಾತ್ರ ಎತ್ತರ, ಬಣ್ಣ ಎರಡೂ ಬೆರೆಸಿ.

ಜರ್ಮನಿಯ ನಾಖ್, ಫಾಲರ್, ಬುಶ್, ಅಮೆರಿಕದ ವುಡ್‌ಲ್ಯಾಂಡ್ ಸೀನಿಕ್ಸ್ ಕಂಪನಿಗಳ ಮರಗಳು ಚೆನ್ನಾಗಿರುತ್ತವೆ, ಬೆಲೆಯೂ ಹಾಗೇ ಇರುತ್ತದೆ. ತಂತಿ ಕಾಂಡದ, ಪುಡಿ ಸ್ಪಂಜಿನ ಅಗ್ಗದ ಮರದ ಪ್ಯಾಕ್‌ಗಳೂ ನಡೆಯುತ್ತವೆ, ಆದರೆ ಎಲೆ ಉದುರಿ ಟೇಬಲ್ ಗುಡಿಸುವುದೇ ಕೆಲಸವಾಗುತ್ತದೆ. ಪ್ಯಾಕ್ ಬಂದ ದಿನವೇ ಮರಗೆಲಸದ ಬಿಳಿ ಅಂಟನ್ನು ನಾಲ್ಕು ಪಟ್ಟು ನೀರಲ್ಲಿ ಕದಡಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ, ಸ್ಪ್ರೇ ಬಾಟಲಿಯಿಂದ ತೊಯ್ಯುವಂತೆ ಹೊಡೆದು ತಲೆಕೆಳಗಾಗಿ ನೇತುಹಾಕಿ. ಒಣಗಿದ ಮೇಲೆ ಉದುರುವುದು ಬಹುಪಾಲು ನಿಲ್ಲುತ್ತದೆ.

ಕಾಡನ್ನು ಒಂದೇ ತಟ್ಟೆಗೆ ಅಂಟಿಸಿದ ಮರಗಳ ರೂಪದಲ್ಲಿ ಕೊಳ್ಳಬೇಡಿ. ಒಳಗೆ ಸೈನಿಕರನ್ನು ನುಗ್ಗಿಸಲು ಬೆರಳು ಹೋಗುವುದಿಲ್ಲ. ಒಂದು ಚಪ್ಪಟೆ ತುಂಡು ಕಾಡಿನ ಗಡಿ ತೋರಿಸಲಿ, ಮರಗಳು ಅದರ ಮೇಲೆ ಬಿಡಿಬಿಡಿಯಾಗಿ ನಿಲ್ಲಲಿ. ಸೈನಿಕರು ಬಂದಾಗ ಮರ ಸರಿಸಿ, ಗಡಿ ಹಾಗೇ ಉಳಿಯುತ್ತದೆ.

ಹೆಜ್ಜೆ 5: ಈಗ ಮನೆ

ಮುಖ್ಯವಾಗಿ ನಾಲ್ಕು ಬಗೆಯಲ್ಲಿ ಸಿಗುತ್ತವೆ. ಒಂದೊಂದರ ಗುಣ ಬೇರೆ.

ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ): ಲೇಸರ್‌ನಲ್ಲಿ ಕತ್ತರಿಸಿದ ಹಾಳೆಗಳು ಚಪ್ಪಟೆಯಾಗಿ ಬರುತ್ತವೆ, ನೀವು ಜೋಡಿಸಿ ಅಂಟಿಸಬೇಕು. ಸರಿಸಾ ಪ್ರಿಸಿಷನ್, ಟಿಟಿಕಾಂಬ್ಯಾಟ್ ಎಂಬ ಬ್ರಿಟಿಷ್ ಕಂಪನಿಗಳು ಇದರಲ್ಲಿ ಹೆಸರು ಮಾಡಿವೆ. ಬಣ್ಣ ಹಚ್ಚಿದ್ದು, ಹಚ್ಚದ್ದು ಎರಡೂ ಬಗೆಯ ಎಂಡಿಎಫ್ ಮಾರುಕಟ್ಟೆಯಲ್ಲಿದೆ. ಹಗುರ, ಚಾವಣಿ–ಮಹಡಿ ಬಿಚ್ಚಿಕೊಳ್ಳುತ್ತದೆ, ಬೆಲೆಗೆ ತಕ್ಕ ಮಾಲು. ಕೊರತೆ ಎಂದರೆ ಗೋಡೆ ಬೋಳು ಬೋಳು, ಮೂಲೆಗಳಲ್ಲಿ ಹಲ್ಲುಹಲ್ಲಾದ ಜೋಡಣೆ ಕಾಣುತ್ತದೆ. ಲೇಸರಿಗೆ ಸುಟ್ಟ ಕಪ್ಪು ಅಂಚಿಗೆ ಬಣ್ಣ ಹಚ್ಚದಿದ್ದರೆ ಮನೆ ಬಿಸ್ಕತ್ತಿನ ಡಬ್ಬದ ಹಾಗೆ ಕಾಣುತ್ತದೆ.

ರೆಸಿನ್ (ಅಚ್ಚಿಗೆ ಸುರಿದು ಗಟ್ಟಿಯಾಗಿಸಿದ ಪ್ಲಾಸ್ಟಿಕ್): ಕಲ್ಲು, ಹೆಂಚು, ಬಿರುಕು ಎಲ್ಲ ಕಣ್ಣಿಗೆ ಕಟ್ಟುವಂತಿರುತ್ತದೆ. ಗೇಲ್ ಫೋರ್ಸ್ ನೈನ್‌ನವರ ‘ಬ್ಯಾಟಲ್‌ಫೀಲ್ಡ್ ಇನ್ ಎ ಬಾಕ್ಸ್’ ಸಾಲು ಬಣ್ಣ ಹಚ್ಚಿಯೇ ಬರುತ್ತದೆ, ಡಬ್ಬ ತೆರೆದು ಇಟ್ಟರೆ ಮುಗಿಯಿತು. ಕ್ರೊಯೇಷಿಯಾದ ಟೇಬಲ್‌ಟಾಪ್ ವರ್ಲ್ಡ್‌ನ ಮನೆಗಳು ಬಣ್ಣವಿಲ್ಲದೆ ಬರುತ್ತವೆ, ಕೆತ್ತನೆಯಲ್ಲಿ ಅವುಗಳಿಗೆ ಸಾಟಿ ಕಡಿಮೆ. ಆದರೆ ರೆಸಿನ್ ಇಟ್ಟಿಗೆಯಷ್ಟು ಭಾರ, ಬಿದ್ದರೆ ಮೂಲೆ ಹಾರುತ್ತದೆ. ಉಜ್ಜಬೇಕಾದರೆ ನೀರು ಹಚ್ಚಿ ಉಜ್ಜಿ, ಮಾಸ್ಕ್ ತಪ್ಪಿಸಬೇಡಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಅಚ್ಚಾದ ರಟ್ಟು: ಬ್ರಿಟನ್ನಿನ ಬ್ಯಾಟಲ್ ಸಿಸ್ಟಮ್ಸ್ ಇದರಲ್ಲಿ ಗಟ್ಟಿಗರು. ಬಣ್ಣದ ಗೋಜಿಲ್ಲ, ಬಿಚ್ಚಿ ಚಪ್ಪಟೆ ಮಾಡಿ ಇಡಬಹುದು. ಮೊದಲ ಸೆಟ್‌ಗೆ ಇದನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ತೇವದ ಹವೆಯ ಕರಾವಳಿ–ಮಲೆನಾಡಿನವರನ್ನು ಬಿಟ್ಟು.

ತ್ರೀಡಿ ಪ್ರಿಂಟ್: ಫೈಲ್ ಕೊಂಡು ಊರಿನ ಪ್ರಿಂಟ್ ಅಂಗಡಿಯಲ್ಲಿ ಮಾಡಿಸಬಹುದು, ಇಲ್ಲವೇ ಮಾರುವ ಹಕ್ಕು ಪಡೆದವರಿಂದ ಸಿದ್ಧ ತುಂಡು ತರಿಸಬಹುದು. ಪ್ರಿಂಟಿಗೆ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಗೋಡೆ ಬಾಗಿರುತ್ತದೆ. ಕಲಬುರಗಿ, ಬಳ್ಳಾರಿ ಕಡೆಯವರು ಇನ್ನೂ ಹೆಚ್ಚು ಬಿಸಿ ತಾಳುವ ಪಿಇಟಿಜಿ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿಸುವುದೇ ಮೇಲು.

ಯಾವ ವಸ್ತುವಾದರೂ ಕೇಳಬೇಕಾದ ಪ್ರಶ್ನೆ ಎರಡು. ಚಾವಣಿ ಎದ್ದು ಬರುತ್ತದೆಯೇ? ಎದ್ದ ಮೇಲೆ ನನ್ನ ಕೈ ಒಳಗೆ ಹೋಗುತ್ತದೆಯೇ? ಎರಡಕ್ಕೂ ಹೌದು ಎನ್ನದ ಮನೆ ಅಲಂಕಾರದ ವಸ್ತು. ಪಾಳುಮನೆಗಳಲ್ಲಿ ಈ ರಗಳೆಯೇ ಇಲ್ಲ, ನಾಲ್ಕರಲ್ಲಿ ಎರಡು ಪಾಳು ಇರಲಿ. ಬಾಂಬು–ಶೆಲ್ಲುಗಳಿಗೆ ಸೇಂಟ್‌ಲೋದ ಬಹುಪಾಲು ನೆಲಸಮವಾಗಿತ್ತು, ಇತಿಹಾಸಕ್ಕೂ ಅಪಚಾರವಾಗುವುದಿಲ್ಲ.

ಮನೆಯ ಚಹರೆ ಆರಿಸುವಾಗ ನಕ್ಷೆ ನೋಡಿ. ಪಶ್ಚಿಮದ ಕೋಟೆಂಟಿನ್ ಕಡೆ ಕಲ್ಲಿನ ಗೋಡೆ, ಕಡುಬೂದು ಸ್ಲೇಟಿನ ಚಾವಣಿ. ಕಾನ್ ಪಟ್ಟಣದ ಸುತ್ತ ತೆಳುಹಳದಿ ಸುಣ್ಣಕಲ್ಲು. ಕಾನ್‌ನಿಂದ ಪೂರ್ವಕ್ಕೆ ಪೇ ದೋಜ್ ಸೀಮೆಯಲ್ಲಿ ಮರದ ಚೌಕಟ್ಟಿನ ನಡುವೆ ಗಾರೆ ತುಂಬಿದ ಮನೆಗಳು. ಈ ಕೊನೆಯದರಲ್ಲಿ ಒಂದು ಲಾಭವಿದೆ: ಮಧ್ಯಯುಗದ ಹಳ್ಳಿ, ಫ್ಯಾಂಟಸಿ ಊರು ಎಂದು ಮಾರುವ ಮರದ ಚೌಕಟ್ಟಿನ ಮನೆಗಳೇ ಅಲ್ಲಿಗೆ ಹೊಂದುತ್ತವೆ. ಶನಿವಾರ ಡ್ರ್ಯಾಗನ್, ಭಾನುವಾರ ಶರ್ಮನ್, ಮನೆ ಅದೇ.

ಹೆಜ್ಜೆ 6: ತರಿಸುವುದು, ಇಲ್ಲೇ ಹುಡುಕುವುದು

ಬೆಂಗಳೂರಿಗೆ ಹೊರದೇಶದಿಂದ ತರಿಸುವವರು ಬೆಲೆಪಟ್ಟಿಯನ್ನಷ್ಟೇ ನೋಡಿದರೆ ಸಾಲದು. ಆಟಿಕೆ, ಸ್ಕೇಲ್ ಮಾಡೆಲ್‌ಗಳು ಸೇರುವ ಸುಂಕದ ಶೀರ್ಷಿಕೆ 9503. ಇದರ ಮೂಲ ಆಮದು ಸುಂಕವನ್ನು ಭಾರತ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಆರ್ಡರ್ ಮಾಡುವ ದಿನ ಜಾರಿಯಲ್ಲಿರುವ ದರ ನೋಡಿಕೊಳ್ಳಿ, ಅದರ ಮೇಲೆ ಜಿಎಸ್‌ಟಿ, ಕೊರಿಯರ್‌ನವರ ಶುಲ್ಕವೂ ಬೀಳುತ್ತದೆ. ಸುಂಕ ಲೆಕ್ಕ ಹಾಕುವುದು ಮಾಲಿನ ಬೆಲೆಗೆ ಸಾಗಣೆ ವೆಚ್ಚವನ್ನೂ ಕೂಡಿಸಿ. ಹಾಗಾಗಿ ಭಾರದ ರೆಸಿನ್‌ಗೆ ಎರಡು ಪೆಟ್ಟು: ಸಾಗಣೆಯೂ ದುಬಾರಿ, ಆ ಸಾಗಣೆಯ ಮೇಲೆ ಸುಂಕವೂ. ಚಪ್ಪಟೆಯಾಗಿ ಬರುವ ಎಂಡಿಎಫ್, ರಟ್ಟು, ಹಗುರ ಪ್ಲಾಸ್ಟಿಕ್ ಹೊರಗಿನಿಂದ ತರಿಸಿ. ಭಾರದ ಗೋಡೆ, ಬಂಡೆ, ಒಡ್ಡುಗಳನ್ನು ಇಲ್ಲೇ ಪ್ರಿಂಟ್ ಮಾಡಿಸಿ. ಅಮೆರಿಕ, ಬ್ರಿಟನ್, ಜರ್ಮನಿಯಲ್ಲಿರುವ ಕನ್ನಡಿಗರಿಗೆ ಈ ತಲೆನೋವು ಕಡಿಮೆ, ಅವರು ಸೆಕೆಂಡ್ ಹ್ಯಾಂಡ್ ಮಾರಾಟದ ಮೇಲೆ ಕಣ್ಣಿಟ್ಟರೆ ಸಾಕು. ಟೆರೇನ್‌ಗೆ ಜಾಗ ಸಾಲದೆ ಮಾರುವವರು ಯಾವಾಗಲೂ ಇರುತ್ತಾರೆ.

ಊರಲ್ಲೇ ಸಿಗುವ ಎರಡು ಮೂಲಗಳನ್ನು ಜನ ಗಮನಿಸುವುದಿಲ್ಲ. ಒಂದು, ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಮಾಡೆಲ್ ಸಾಮಾನು ಕೊಳ್ಳುವ ಅಂಗಡಿ. ಅಲ್ಲಿನ 1:50 ಮರ, ಬೇಲಿ, ಬೆಂಚು 28 ಮಿಮೀಗೂ, 1:100 ಮಾಲು 15 ಮಿಮೀಗೂ ಸರಿಯಾಗಿ ಕೂರುತ್ತದೆ. ಎರಡು, ದಸರಾ ಗೊಂಬೆ ಹಬ್ಬದ ಸಮಯದ ಅಂಗಡಿಗಳು. ಪಾರ್ಕು, ಹಳ್ಳಿ, ಸಂತೆ ಜೋಡಿಸುವವರಿಗೆಂದು ಪುಟ್ಟ ಬಾವಿ, ಎತ್ತಿನ ಗಾಡಿ, ಬುಟ್ಟಿ, ಮೂಟೆ, ಮರ ಬರುತ್ತವೆ. ಅಳತೆ ಕಂಡಾಬಟ್ಟೆ, ಅದಕ್ಕೇ ಜೇಬಿನಲ್ಲಿ ಒಬ್ಬ ಸೈನಿಕನನ್ನು ಇಟ್ಟುಕೊಂಡು ಹೋಗಿ, ಪಕ್ಕಕ್ಕಿಟ್ಟು ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ. ಗಾಡಿ, ಮೂಟೆ, ಪೀಪಾಯಿಗೆ ದೇಶ–ಕಾಲದ ಹಂಗು ಕಡಿಮೆ, ಕಂದು ಬಣ್ಣ ಹೊಡೆದರೆ ನಾರ್ಮಂಡಿಯ ಅಂಗಳದಲ್ಲೂ ನಿಲ್ಲುತ್ತವೆ.

ಹೆಜ್ಜೆ 7: ಎಲ್ಲಕ್ಕೂ ಒಂದೇ ಮಣ್ಣು

ಐದು ಕಡೆಯಿಂದ ಬಂದ ರೆಡಿಮೇಡ್ ತುಂಡುಗಳನ್ನು ಒಟ್ಟಿಗಿಟ್ಟರೆ ಒಂದು ಹಸಿರು ಗಿಳಿಯದ್ದು, ಇನ್ನೊಂದು ಪಾಚಿಯದ್ದು. ಒಂದು ಗೋಡೆಯ ಬುಡದಲ್ಲಿ ಕೆಂಪು ಮಣ್ಣು, ಇನ್ನೊಂದರಲ್ಲಿ ಬೂದು. ಇದನ್ನು ಸರಿಪಡಿಸಲು ಅರ್ಧ ದಿನ ಸಾಕು, ಚಿತ್ರ ಬರೆಯುವ ಕೈ ಬೇಕಿಲ್ಲ.

ಮ್ಯಾಟ್ ಮೇಲಿನ ಮಣ್ಣಿನ ಬಣ್ಣಕ್ಕೆ ಹತ್ತಿರದ ಒಂದು ಅಕ್ರಿಲಿಕ್ ಕಂದು ಆರಿಸಿ, ಸ್ವಲ್ಪ ಬಿಳಿ ಬೆರೆಸಿ ತಿಳಿಯಾಗಿಸಿ. ಅಗಲ ಬ್ರಷ್‌ಗೆ ಅದ್ದಿ, ಹಳೇ ಬಟ್ಟೆಗೆ ಉಜ್ಜಿ ಬಹುಪಾಲು ತೆಗೆದುಬಿಡಿ. ಆ ಒಣ ಬ್ರಷ್‌ನಿಂದ ಪ್ರತಿ ಮನೆ, ಗೋಡೆ, ಒಡ್ಡಿನ ಕೆಳಗಿನ ಒಂದು ಸೆಂಟಿಮೀಟರಿನಷ್ಟು ಭಾಗವನ್ನು ಕೆಳಗಿನಿಂದ ಮೇಲಕ್ಕೆ ಸವರಿ. ಗೋಡೆಗೆ ಮಳೆನೀರು ಸಿಡಿದ ಮಣ್ಣು ಅಂಟಿದಂತೆ ಕಾಣಬೇಕು, ಅಷ್ಟೇ. ಅದೇ ಬಣ್ಣ ಎಲ್ಲ ಬೇಸ್‌ಗಳ ಅಂಚಿಗೂ. ಆಮೇಲೆ ಒಂದೇ ಪ್ಯಾಕೆಟ್ಟಿನ ಕೃತಕ ಹುಲ್ಲನ್ನು ಎಲ್ಲ ತುಂಡುಗಳ ಬುಡಕ್ಕೂ ಅಲ್ಲಲ್ಲಿ ಅಂಟಿಸಿ. ಇಷ್ಟಾದ ಮೇಲೆ ಯಾವುದು ಬ್ರಿಟನ್ನಿನದು, ಯಾವುದು ದಸರಾ ಅಂಗಡಿಯದು ಎಂದು ಕಂಡುಹಿಡಿಯುವುದು ಕಷ್ಟ.

ರೆಸಿನ್ ಸಾಗಣೆಯಲ್ಲಿ ಬಾಗಿ ಬಂದಿದ್ದರೆ ಬಿಸಿನೀರಲ್ಲಿ ಕೆಲವು ನಿಮಿಷ ಅದ್ದಿ, ಮೆತ್ತಗಾದಾಗ ಸಮತಟ್ಟು ಹಲಗೆಗೆ ಒತ್ತಿ ಹಿಡಿದು ತಣ್ಣೀರು ಸುರಿಯಿರಿ. ಕುದಿಯುವ ನೀರು ಬೇಡ. ಬಣ್ಣ ಹಚ್ಚಿದ ತುಂಡಾದರೆ ಮೊದಲು ಅಡಿಭಾಗದ ಮೂಲೆಯಲ್ಲಿ ಪರೀಕ್ಷಿಸಿ. ಮೂಲೆ ಹಾರಿದ್ದರೆ ಅಲ್ಲಿಗೆ ಗಾಢ ಬೂದು ಬಣ್ಣದ ಒಂದು ಚುಕ್ಕೆ ಸಾಕು.

ಹೆಜ್ಜೆ 8: ಹರಡಿ ನೋಡಿ

ಎಲ್ಲ ಜೋಡಿಸಿದ ಮೇಲೆ ಮೊಣಕಾಲೂರಿ ಕಣ್ಣನ್ನು ಮೇಜಿನ ಮಟ್ಟಕ್ಕೆ ತನ್ನಿ. ನಿಮ್ಮ ಅಂಚಿನಿಂದ ಎದುರಾಳಿಯ ಅಂಚು ನೇರ ಕಾಣುವ ಜಾಗಗಳು ಎಷ್ಟಿವೆ? ಸಂಶಯವಿದ್ದರೆ ಒಂದು ದಾರ ಎಳೆದು ನೋಡಿ. ಒಂದೆರಡು ಉದ್ದನೆಯ ನೋಟ ಇರಲಿ, ಟ್ಯಾಂಕ್‌ವಿರೋಧಿ ತೋಪಿನವರಿಗೂ ಕೆಲಸ ಬೇಕಲ್ಲ. ಮೂರು ನಾಲ್ಕಾದರೆ ಒಂದು ಬೇಲಿಯನ್ನು ಕೋನ ತಿರುಗಿಸಿ, ಇಲ್ಲವೇ ಕಂಡಿಯ ಎದುರಿಗೆ ಮರ ಸರಿಸಿ. ಕಾಲಾಳು ಓಡಿದರೆ ಒಂದು ಸುತ್ತಿಗೆ 12 ಇಂಚು ಹೋಗುತ್ತಾನೆ, ಆದ್ದರಿಂದ ಒಂದು ಮರೆಯಿಂದ ಇನ್ನೊಂದಕ್ಕೆ ಅದಕ್ಕಿಂತ ಹೆಚ್ಚು ದೂರ ಇರದ ದಾರಿಯೊಂದು ಎರಡೂ ಕಡೆಯವರಿಗೆ ಇರಬೇಕು.

ಆಟಕ್ಕೆ ಮೊದಲು ಎದುರಾಳಿಯ ಜೊತೆ ಪ್ರತಿ ತುಂಡಿಗೂ ಬೆರಳು ಮಾಡಿ ಮಾತಾಡಿಕೊಳ್ಳಿ. ಬೊಕಾಜ್ ಗಟ್ಟಿ ಮರೆಯೋ ಹಗುರ ಮರೆಯೋ, ಟ್ಯಾಂಕ್ ದಾಟಬಹುದೋ, ಬೇಲಿಗೆ ಆತುಕೊಂಡ ಸೈನಿಕನಿಗೆ ಆಚೆ ಕಾಣುತ್ತದೋ. ಐದು ನಿಮಿಷದ ಈ ಮಾತುಕತೆ ನಡುರಾತ್ರಿಯ ಜಗಳ ತಪ್ಪಿಸುತ್ತದೆ.

ಹೆಜ್ಜೆ 9: ಮಳೆಗಾಲಕ್ಕೆ ಮುನ್ನ

ನಮ್ಮ ಹವೆ ಯುರೋಪಿನದಲ್ಲ. ಎಂಡಿಎಫ್ ತೇವ ಹೀರಿ ಉಬ್ಬುತ್ತದೆ, ಬಣ್ಣ ಕಾಣದ ಅಡಿಭಾಗ ಮತ್ತು ಒಳಗೋಡೆಗೂ ಒಂದು ಕೋಟ್ ವಾರ್ನಿಷ್ ಹೊಡೆಯಿರಿ. ರಟ್ಟಿನ ಮನೆಗೆ ಬೆಳ್ಳಿಹುಳದ ಕಾಟ, ಅದಕ್ಕೆ ಕಾಗದ, ಅಂಟು ಎರಡೂ ಊಟ. ಮಂಗಳೂರು, ಶಿವಮೊಗ್ಗ ಕಡೆಯವರು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರಿ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಹಾಕಿ ಇಡಿ, ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿಕೊಳ್ಳಿ. ರಬ್ಬರಿನ ದಾರಿ, ಹೊಳೆಯ ತುಂಡುಗಳು ಸೆಕೆಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುನಡುವೆ ಬಟರ್ ಪೇಪರ್ ಇಡಿ. ಮ್ಯಾಟನ್ನು ಚಿತ್ರ ಹೊರಗೆ ಬರುವಂತೆ ಸುತ್ತಿದರೆ ಬಿಚ್ಚಿದಾಗ ಅಂಚು ಮೇಲೆದ್ದು ಕಾಡುವುದಿಲ್ಲ.

ಇಷ್ಟೆಲ್ಲ ಆಗಿ ಇನ್ನೂ ದುಡ್ಡು, ಅಟ್ಟದ ಮೇಲೆ ಜಾಗ ಎರಡೂ ಉಳಿದಿದ್ದರೆ ಚರ್ಚು ಕೊಳ್ಳಿ. ಇಪ್ಪತ್ತು ಮೀಟರಿನ ಗೋಪುರವನ್ನು ಸರಿಯಾದ ಅಳತೆಗೆ ಇಳಿಸಿದರೆ 36 ಸೆಂಮೀ ಆಗುತ್ತದೆ, ಸಾಧಾರಣ ಡಬ್ಬದಲ್ಲಿ ಹಿಡಿಸುವುದಿಲ್ಲ. ಗೋಪುರ ಬೇರೆಯಾಗಿ ಕಳಚುವ, ಗಿಡ್ಡ ಮಾಡಿದ ಮಾದರಿಯನ್ನೇ ನೋಡಿ. ಅದನ್ನು ಮೇಜಿನ ನಟ್ಟನಡುವೆ ಮಾತ್ರ ಇಡಬೇಡಿ. ಒಂದು ಮೂಲೆಯ ಕಡೆಗೆ ಸರಿಸಿದರೆ ಗೋಪುರ ಹತ್ತಿದ ಸ್ನೈಪರ್‌ನ ಗುರಿಯೊಳಗೆ ಮೇಜಿನ ಕಡಿಮೆ ಭಾಗ ಸಿಗುತ್ತದೆ.